ಕಾಲೇಜು ನೋಡಿ ಬರೂಣು

ಮುನವಳ್ಳಿ ಹತ್ತಿರ ಒಂದು ಹಳ್ಳಿ. ಮಗಳು ಪಿ.ಯು.ಸಿ. ಪಾಸಾದಳು. ಬಿ.ಎ. ಓದಲು ಬೈಲಹೊಂಗಲಕ್ಕೆ ಹೋಗಬೇಕೋ, ಸವದತ್ತಿಗೋ?

"ಬೈಲಹೊಂಗಲದಾಗ ಫೀ 2,000 ರೂಪಾಯಿ ಬಿಡತಾರಂತ" ಎಂದಳು ತಾಯಿ.

"ಅವ್ವಾ, ಮೊದಲ ನೋಡಿ ಬರೂಣು."

2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಇಬ್ಬರೂ ಹೋದರು. ಎರಡೂ ಕಾಲೇಜು ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದವು. ಪದವಿ ಒಂದೇ.

ಬೈಲಹೊಂಗಲದಲ್ಲಿ ತಾಯಿ ಕೇಳಿದಳು, "ಮೂರೂ ವರ್ಷ ಬಿಡತೀರೇನ್ರಿ?"

"ಇಲ್ರಿ ಅಕ್ಕಾರ, ಮೊದಲನೇ ವರ್ಷ ಅಷ್ಟ."

ಪಾಠ ಮುಗಿಯುವುದು 5 ಗಂಟೆಗೆ. ಅವರ ಊರಿನ ಬಸ್ಸು ನಾಲ್ಕೂವರೆಗೇ ಹೊರಡುತ್ತದೆ. ಬಾಡಿಗೆ ಖೋಲಿ ಬೇಕು. ತಿಂಗಳಿಗೆ 1,500 ರೂಪಾಯಿ.

ಸವದತ್ತಿಯಲ್ಲಿ ರಿಯಾಯಿತಿ ಇಲ್ಲ. ಕಾಲೇಜೂ ಸಣ್ಣದು. ಆದರೆ ಬಸ್ಸು ಸಿಗುತ್ತದೆ. ಹುಣ್ಣಿಮೆ ದಿನ ಮಾತ್ರ ಯಲ್ಲಮ್ಮನ ಗುಡ್ಡದ ಗದ್ದಲ! ತಾಯಿ ಹುಡುಗಿಯರ ಶೌಚಾಲಯದ ನಳ ತಿರುಗಿಸಿದಳು. ನೀರು ಬಂತು.

ಸರಕಾರದ ವಿದ್ಯಾರ್ಥಿವೇತನಕ್ಕೆ ಎಲ್ಲಿ ಸೇರಿದರೂ ಅರ್ಜಿ ಹಾಕಬಹುದು. ಜಾತಿ, ಆದಾಯದ ಪ್ರಮಾಣಪತ್ರ ಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಹಣ ಬರುವುದು ತಡ. ಅದನ್ನೇ ನಂಬಿ ಬಡ್ಡಿ ಸಾಲ ತರಬೇಡಿರಿ.

ಮರುದಿನ ಸವದತ್ತಿ ಕಾಲೇಜಿನ ಅರ್ಜಿಯಲ್ಲಿ, ಪಾಲಕರ ಸಹಿಯ ಜಾಗದಲ್ಲಿ, ತಾಯಿ ತನ್ನ ಹೆಸರು ಬರೆದಳು.