ಹೆಬ್ಬೆಟ್ಟು ಮತ್ತು ಅಕ್ಷರ



ಗಿರಣಿಯಲ್ಲಿ ನನ್ನ ಮೇಜಿನ ಮೇಲೆ ಎರಡು ವಸ್ತುಗಳು ಸದಾ ಇರುತ್ತವೆ: ಒಂದು ಪೆನ್ನು, ಇನ್ನೊಂದು ಶಾಯಿಯ ಪ್ಯಾಡು. ಈಗ ಪಗಾರವು ಬ್ಯಾಂಕಿಗೆ ಹೋಗುವುದಾದರೂ ಮುಂಗಡದ ಪುಸ್ತಕಕ್ಕೆ, ರಜೆಯ ಅರ್ಜಿಗೆ ಗುರುತು ಬೇಕೇ ಬೇಕು. ಪ್ಯಾಡನ್ನು ಕೇಳುವವರು ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ಎರಡು ವರ್ಷದ ಹಿಂದೆ ನಮ್ಮ ಕಡೆಯವರೇ ಆದ, ಐವತ್ತು ದಾಟಿದ ಹಿರಿಯರೊಬ್ಬರು ಹೆಬ್ಬೆಟ್ಟು ಒತ್ತಿ, ಬಟ್ಟೆಗೆ ಒರೆಸಿಕೊಳ್ಳುತ್ತ, "ತಮ್ಮಾ, ಈ ವಯಸ್ಸಿಗೆ ಅಕ್ಷರ ತಲೆಗೆ ಹತ್ತೀತೇನು?" ಎಂದು ಕೇಳಿದರು. ಹಿಂದೆ ಸಾಲು ದೊಡ್ಡದಿತ್ತು. "ಇನ್ನೆಲ್ಲಿ ಹತ್ತತದ ಕಾಕಾ, ಮಕ್ಕಳಿಗೆ ಕಲಿಸ್ರಿ ಸಾಕು" ಎಂದುಬಿಟ್ಟೆ. ಅವರು ನಕ್ಕು ಹೋದರು. ನಾನು ಆಡಿದ ಮಾತು ಶುದ್ಧ ತಪ್ಪು ಎಂಬುದು ನಮ್ಮ ವಾಚನಾಲಯದಲ್ಲಿ ಈ ವಿಷಯವನ್ನು ಓದತೊಡಗಿದ ಮೇಲೆ ತಿಳಿಯಿತು. ಅದು ಹೇಗೆ ತಪ್ಪು ಎಂಬುದನ್ನು ಹೇಳಬೇಕಾದರೆ ಆ ಹೆಬ್ಬೆಟ್ಟಿನಿಂದಲೇ ಆರಂಭಿಸಬೇಕು.

ನಿಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಳ್ಳಿರಿ. ಅದು ಉಳಿದ ನಾಲ್ಕೂ ಬೆರಳುಗಳ ತುದಿಯನ್ನು ಮುಟ್ಟಬಲ್ಲದು. ಸೂಜಿ ಹಿಡಿಯಬಲ್ಲದು, ಕಡಿದ ನೂಲಿಗೆ ಗಂಟು ಹಾಕಬಲ್ಲದು. ಚಿಂಪಾಂಜಿಗೂ ಹೆಬ್ಬೆರಳು ಉಂಟು. ಆದರೆ ಉಳಿದ ಬೆರಳುಗಳ ಅಳತೆಗೆ ಅದು ಗಿಡ್ಡ, ಹಿಡಿತ ನಮ್ಮಷ್ಟು ಬಿಗಿಯಲ್ಲ. ಹಳೆಯ ಎಲುಬುಗಳನ್ನು ಅಳೆದು ನೋಡಿದ ಶಾಸ್ತ್ರಜ್ಞರು, ಇಂದಿನಂಥ ಬಲವಾದ ಹೆಬ್ಬೆರಳು ಸುಮಾರು ೨೦ ಲಕ್ಷ ವರ್ಷಗಳ ಹಿಂದೆ ಕಾಣಿಸಿಕೊಂಡಿತೆಂದು ಹೇಳುವರು. ಕಲ್ಲಿನ ಉಪಕರಣಗಳೋ ಅದಕ್ಕಿಂತ ಹಳೆಯವು. ಕೀನ್ಯಾ ದೇಶದ ತುರ್ಕಾನಾ ಸರೋವರದ ಪಶ್ಚಿಮಕ್ಕೆ ಲೊಮೆಕ್ವಿ ಎಂಬಲ್ಲಿ ೨೦೧೧ರಲ್ಲಿ ಸಿಕ್ಕ ಒಡೆದ ಕಲ್ಲುಗಳ ವಯಸ್ಸು ೩೩ ಲಕ್ಷ ವರ್ಷ. ಅಂದಮೇಲೆ ಕಲ್ಲು ಮೊದಲು, ಈ ಹೆಬ್ಬೆರಳು ಆಮೇಲೆ. ಕೈಯು ಉಪಕರಣವನ್ನು ಮಾಡಿತು ಎಂಬುದು ಎಲ್ಲರಿಗೂ ಗೊತ್ತು. ಉಪಕರಣವೂ ಕೈಯನ್ನು ತಿದ್ದಿತು ಎಂಬುದು ವಿಚಾರ ಮಾಡತಕ್ಕ ಸಂಗತಿ.

ತಿದ್ದಿದ ಬಗೆ ಹೀಗೆ. ಕಲ್ಲನ್ನು ಚೆನ್ನಾಗಿ ಹಿಡಿದು ಒಡೆಯಬಲ್ಲವರಿಗೆ ಮಾಂಸವೂ ಎಲುಬಿನೊಳಗಿನ ಮಜ್ಜೆಯೂ ಹೆಚ್ಚು ದೊರೆತವು. ಹೊಟ್ಟೆ ತುಂಬಿದವರ ಮಕ್ಕಳು ಹೆಚ್ಚಾಗಿ ಬದುಕಿ ಉಳಿದರು. ಆ ಮಕ್ಕಳಿಗೆ ಹುಟ್ಟಿನಿಂದಲೇ ಅಂಥ ಕೈ ಬಂದಿತ್ತು. ಒಂದು ತಲೆಮಾರಿನಲ್ಲಿ ಇದು ಕಣ್ಣಿಗೂ ಕಾಣದಷ್ಟು ಸಣ್ಣ ಲಾಭ. ಸಾವಿರಾರು ತಲೆಮಾರು ಕೂಡಿದಾಗ ಬೇರೆಯೇ ಒಂದು ಕೈ ಆಯಿತು.

ಇದು ದೂರದ ಕೀನ್ಯಾದ ಮಾತು ಮಾತ್ರವಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯಲ್ಲಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಲ್ಲಿ ಅಗೆದು ನೋಡಿದಾಗ ಆದಿಮಾನವರ ಒಂದು ಕಾರ್ಖಾನೆಯೇ ಹೊರಬಿತ್ತು. ಸುಣ್ಣಕಲ್ಲಿನ ಹಾಸುಬಂಡೆಯ ಹತ್ತಿರ ಕುಳಿತು ಕೈಗೊಡಲಿ ಮಾಡುತ್ತಿದ್ದ ಸ್ಥಳ ಅದು. ಬಡಿಯುವ ಗುಂಡುಗಲ್ಲು, ಸಿಡಿದ ಚಕ್ಕೆಗಳು, ಮಾಡಿದ ಕೊಡಲಿ, ಎಲ್ಲವೂ ಅಲ್ಲಲ್ಲೇ ಬಿದ್ದಿದ್ದವು. ಹತ್ತು ಲಕ್ಷ ವರ್ಷಕ್ಕೂ ಹಿಂದಿನದೆಂದು ಅಂದಾಜು ಮಾಡಿರುವರು. ಆ ಸೀಮೆಯಿಂದ ದುಡಿಯಲು ಬಂದ ಬಂಧುಗಳು "ನಮ್ಮ ಕಡೆ ಏನೂ ಇಲ್ಲ, ಬರೀ ಕಲ್ಲು" ಎನ್ನುವುದನ್ನು ನಾನು ಕೇಳಿದ್ದೇನೆ. ಆ ಕಲ್ಲಿನ ಬೆಲೆ ಇಷ್ಟು!

ಕೈಯ ಜೊತೆಗೆ ಮೆದುಳೂ ಬೆಳೆಯಿತು. ೧೯೭೪ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ, 'ಲೂಸಿ' ಎಂದು ಹೆಸರಾದ ಎಲುಬುಗೂಡಿಗೆ ಸುಮಾರು ೩೨ ಲಕ್ಷ ವರ್ಷ. ಅವಳ ಜಾತಿಯವರ ಮೆದುಳು ೪೫೦ ಘನ ಸೆಂಟಿಮೀಟರಿನ ಆಸುಪಾಸು. ನಮ್ಮದು ಸರಾಸರಿ ೧೩೫೦. ಈ ಮೆದುಳು ತೂಕದಲ್ಲಿ ಮೈಯ ನೂರರಲ್ಲಿ ಎರಡು ಪಾಲು, ಉಣ್ಣುವುದರಲ್ಲಿ ನೂರರಲ್ಲಿ ಇಪ್ಪತ್ತು ಪಾಲು. ಇಷ್ಟು ಉಣ್ಣುವವನನ್ನು ಮನೆ ಸಾಕಿದ್ದು ಹೇಗೆ? ಬೆಂಕಿಯಿಂದ, ಎನ್ನುವರು ಹಾರ್ವರ್ಡಿನ ರಿಚರ್ಡ್ ರಾಂಗಮ್. ಬೇಯಿಸಿದ ಅನ್ನದಿಂದ ಸತ್ತ್ವ ಹೆಚ್ಚು, ಅಗಿಯುವ ಕಷ್ಟ ಕಡಿಮೆ. ಕರುಳಿನ ಖರ್ಚು ಇಳಿದು ಮೆದುಳಿಗೆ ಉಳಿತಾಯವಾಯಿತೆಂದು ಅವರ ವಾದ. ಅಷ್ಟು ಹಳೆಯ ಒಲೆಯ ಗುರುತುಗಳು ಸಿಕ್ಕಿಲ್ಲವೆಂದು ಒಪ್ಪದವರೂ ಇದ್ದಾರೆ. ನನಗಂತೂ ಈ ವಾದ ಹಿಡಿಸಿದೆ, ಆದರೆ ನನ್ನ ಮೆಚ್ಚುಗೆ ಪುರಾವೆಯಲ್ಲ.

ಇಲ್ಲಿ ಒಂದು ತಪ್ಪು ತಿಳುವಳಿಕೆಗೆ ಎಡೆಯಿದೆ. ಕಲ್ಲೂ ಬೆಂಕಿಯೂ ಮೈಯನ್ನು ಬದಲಿಸಿದಂತೆ ಓದುಬರಹವೂ ರಕ್ತದಲ್ಲಿ ಇಳಿದು ಬಂದಿರಬೇಕು, ಓದಿದವರ ಮನೆಯ ಮಕ್ಕಳು ಅಕ್ಷರದ ತಲೆಯನ್ನು ಹೊತ್ತೇ ಹುಟ್ಟುವರು ಎಂದು ನಮ್ಮಲ್ಲಿ ಅನೇಕರು ನಂಬಿರುವರು. "ನಮ್ಮ ವಂಶಕ್ಕೆ ವಿದ್ಯೆ ಇಲ್ಲ" ಎಂಬ ಮಾತು ಇದರಿಂದಲೇ ಬಂದುದು. ಕಮ್ಮಾರನ ತೋಳು ಸುತ್ತಿಗೆಯಿಂದ ಗಟ್ಟಿಯಾಗುತ್ತದೆ. ಆದರೆ ಅವನ ಮಗು ಗಟ್ಟಿ ತೋಳಿನಿಂದ ಹುಟ್ಟುವುದಿಲ್ಲ. ಒಂದು ಜೀವನದಲ್ಲಿ ಕಲಿತದ್ದು ಹುಟ್ಟಿನ ಜೊತೆ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿದರೂ ಹೊಂದುವುದಿಲ್ಲ. ಬರವಣಿಗೆಗೆ ಐದು ಸಾವಿರ ವರ್ಷಕ್ಕಿಂತ ತುಸು ಹೆಚ್ಚು ವಯಸ್ಸು, ಅಷ್ಟೇ. ಇಂದಿನ ಇರಾಕಿನ ಉರುಕ್ ಪಟ್ಟಣದ ಜೇಡಿಮಣ್ಣಿನ ಹಲಗೆಗಳು ಅತಿ ಹಳೆಯ ಬರಹಗಳಲ್ಲಿ ಸೇರಿದವು. ಅವುಗಳಲ್ಲಿ ಹೆಚ್ಚಿನವು ಧಾನ್ಯ, ಕುರಿ, ಮದ್ಯದ ಲೆಕ್ಕಗಳು. (ಮೊದಲು ಬರೆದವರು ಕವಿಗಳಲ್ಲ, ಗುಮಾಸ್ತರು. ಇದನ್ನು ಓದಿದ ದಿನ ನಾನು ಸ್ವಲ್ಪ ಎದೆ ಉಬ್ಬಿಸಿ ನಡೆದೆನು.) ನಮ್ಮ ಹಲ್ಮಿಡಿ ಶಾಸನಕ್ಕೆ ಸುಮಾರು ಒಂದೂವರೆ ಸಾವಿರ ವರ್ಷ. ಅಂದೂ ಓದಬಲ್ಲವರು ಬೆರಳೆಣಿಕೆಯವರು. ೧೯೫೧ರ ಜನಗಣತಿಯಲ್ಲಿ ಭಾರತದಲ್ಲಿ ನೂರಕ್ಕೆ ಸುಮಾರು ೧೮ ಮಂದಿ ಅಕ್ಷರಸ್ಥರು, ೨೦೧೧ರಲ್ಲಿ ೭೪. ಅರುವತ್ತು ವರ್ಷಗಳಲ್ಲಿ ಯಾವ ವಂಶದ ರಕ್ತವೂ ಬದಲಾಗುವುದಿಲ್ಲ. ಬದಲಾದದ್ದು ಶಾಲೆ.

ಹಾಗಿದ್ದರೆ ಓದುವ ಕೆಲಸ ಮೆದುಳಿನಲ್ಲಿ ನಡೆಯುವುದು ಎಲ್ಲಿ? ಇದರ ಸುಳಿವು ಪ್ಯಾರಿಸಿನಲ್ಲಿ ಸಿಕ್ಕಿತು. ೧೮೮೭ರಲ್ಲಿ ವ್ಯಾಪಾರಿಯೊಬ್ಬನಿಗೆ ಒಂದು ದಿನ ಇದ್ದಕ್ಕಿದ್ದಂತೆ ಓದಲು ಬಾರದಾಯಿತು. ಕಣ್ಣು ಸರಿಯಿತ್ತು, ಮಾತು ಸರಿಯಿತ್ತು, ಬರೆಯಲೂ ಬರುತ್ತಿತ್ತು. ಆದರೆ ತಾನೇ ಬರೆದುದನ್ನು ತಾನೇ ಓದಲಾರ! ಅಕ್ಷರದ ಆಕಾರವನ್ನು ಬೆರಳಿನಿಂದ ತಿದ್ದಿ ನೋಡಿದರೆ ಮಾತ್ರ ಅದು ಯಾವುದೆಂದು ತಿಳಿಯುತ್ತಿತ್ತು. ಅವನು ತೀರಿಹೋದ ಮೇಲೆ ಡೆಜೆರಿನ್ ಎಂಬ ವೈದ್ಯರು ಮೆದುಳನ್ನು ಪರೀಕ್ಷಿಸಿ, ಎಡಗಡೆಯ ಹಿಂಭಾಗದಲ್ಲಿ ಗಾಯವನ್ನು ಕಂಡು, ೧೮೯೨ರಲ್ಲಿ ಪ್ರಕಟಿಸಿದರು. ಇಂದು ಜೀವಂತ ಮನುಷ್ಯನ ಮೆದುಳನ್ನೇ ಯಂತ್ರದಲ್ಲಿ ನೋಡಬಹುದಾಗಿದೆ. ಕನ್ನಡವಾಗಲಿ, ಚೀನೀಯಾಗಲಿ, ಓದಬಲ್ಲವರ ಮೆದುಳಿನ ಎಡಭಾಗದಲ್ಲಿ ಕೆಳಗೆ ಹಿಂದುಗಡೆ ಹೆಚ್ಚುಕಡಿಮೆ ಒಂದೇ ಜಾಗ ಅಕ್ಷರ ಕಂಡೊಡನೆ ಚುರುಕಾಗುತ್ತದೆ. ಓದಲು ಬಾರದವರಲ್ಲಿಯೂ ಆ ಜಾಗವಿದೆ. ಅದು ಮುಖ, ವಸ್ತು, ಆಕಾರಗಳನ್ನು ಗುರುತಿಸುವ ಕೆಲಸದಲ್ಲಿ ಇರುತ್ತದೆ. ಫ್ರಾನ್ಸಿನ ಸ್ತಾನಿಸ್ಲಾಸ್ ದೆಹೆನ್ ಎಂಬ ಪಂಡಿತರು ಇದನ್ನು ಹಳೆಯ ಜಾಗವನ್ನು ಹೊಸ ಕೆಲಸಕ್ಕೆ ಹಚ್ಚುವುದು ಎಂದು ವಿವರಿಸುವರು. ಚಾಳಿನ ಒಂದೇ ಖೋಲಿ ಹಗಲು ಅಡಿಗೆಮನೆ, ರಾತ್ರಿ ಮಲಗುವ ಮನೆ ಆಗುವುದಿಲ್ಲವೇ, ಹಾಗೆ. ಕಲ್ಲಿಗೆ ಲಕ್ಷಗಟ್ಟಲೆ ವರ್ಷ ಹಿಡಿದ ಕೆಲಸವನ್ನು ಅಕ್ಷರವು ಬೇರೊಂದು ದಾರಿಯಿಂದ, ಒಬ್ಬೊಬ್ಬನ ತಲೆಯಲ್ಲಿ ಹೊಸದಾಗಿ, ಅವನ ಆಯುಷ್ಯದಲ್ಲೇ ಮಾಡಿಕೊಳ್ಳುತ್ತದೆ.

ವಯಸ್ಸಾದ ಮೇಲೆ? ಕಾಕಾ ಕೇಳಿದ್ದು ಇದನ್ನೇ. ೨೦೧೦ರಲ್ಲಿ ದೆಹೆನ್ ಮತ್ತು ಜೊತೆಗಾರರು ಪೋರ್ಚುಗಲ್, ಬ್ರೆಜಿಲ್ ದೇಶಗಳ ೬೩ ಮಂದಿಯನ್ನು ಪರೀಕ್ಷಿಸಿದ ವರದಿ ಬಂತು. ಅವರಲ್ಲಿ ೧೦ ಮಂದಿ ನಿರಕ್ಷರಿಗಳು, ೩೧ ಮಂದಿ ಬಾಲ್ಯದಲ್ಲಿ ಶಾಲೆಗೆ ಹೋದವರು, ೨೨ ಮಂದಿ ದೊಡ್ಡವರಾದ ಮೇಲೆ ಕಲಿತವರು. ತಡವಾಗಿ ಕಲಿತವರಲ್ಲೂ ಅದೇ ಜಾಗ ಅಕ್ಷರಕ್ಕೆ ಎಚ್ಚರಗೊಳ್ಳುತ್ತಿತ್ತು.

ನನ್ನನ್ನು ನಾಚಿಸಿದ್ದು ಇನ್ನೊಂದು ವರದಿ. ನಮ್ಮ ದೇಶದ್ದೇ, ಲಖನೌ ಹತ್ತಿರದ ಹಳ್ಳಿಗಳದ್ದು. ಜರ್ಮನಿ, ಹಾಲೆಂಡ್, ಭಾರತದ ಸಂಶೋಧಕರು ಕೂಡಿ, ಬಹುಪಾಲು ಮೂವತ್ತರ ಆಸುಪಾಸಿನ, ಅಕ್ಷರವೇ ಅರಿಯದ ೨೧ ಮಂದಿಗೆ ಆರು ತಿಂಗಳು ದೇವನಾಗರಿ ಕಲಿಸಿದರು. ಕಲಿಸುವ ಮೊದಲೊಮ್ಮೆ, ಕಲಿಸಿದ ಮೇಲೊಮ್ಮೆ ಮೆದುಳನ್ನು ನೋಡಿದರು; ಕಲಿಯದ ೯ ಮಂದಿಯನ್ನೂ ಹೋಲಿಕೆಗೆ ನೋಡಿದರು. ೨೦೧೭ರಲ್ಲಿ ಪ್ರಕಟವಾದ ಫಲ ಇದು: ಕಲಿತವರಲ್ಲಿ ಬದಲಾವಣೆ ಮೆದುಳಿನ ಮೇಲ್ಪದರದಲ್ಲಷ್ಟೇ ಅಲ್ಲ, ಆಳದಲ್ಲಿರುವ ಅತಿ ಪುರಾತನ ಭಾಗಗಳವರೆಗೂ ಇಳಿದಿತ್ತು. ಕಣ್ಣಿನ ನೋಟವನ್ನು ತಿರುಗಿಸುವ ಆ ಭಾಗಗಳು ಹಿಂಭಾಗದ ದೃಷ್ಟಿಯ ಪ್ರದೇಶದೊಡನೆ ಹೆಚ್ಚು ತಾಳಹಾಕಿ ಕೆಲಸ ಮಾಡತೊಡಗಿದ್ದವು. ಆರೇ ತಿಂಗಳು! ಅಕ್ಷರಕ್ಕೆ ಜಾಗ ಕೊಟ್ಟರೆ ಮುಖ ಗುರುತಿಸುವ ಶಕ್ತಿಗೆ ಪೆಟ್ಟು ಬೀಳುವುದೋ ಎಂಬ ಶಂಕೆ ಮೊದಲಿತ್ತು. ೨೦೧೯ರಲ್ಲಿ, ಉತ್ತರ ಭಾರತದ ಜನರನ್ನೇ ನೋಡಿ ಬರೆದ ಮತ್ತೊಂದು ವರದಿಯಲ್ಲಿ ಅಂಥ ನಷ್ಟವೇನೂ ಕಾಣಲಿಲ್ಲ.

ಕೊನೆಗೆ ಕಷ್ಟವನ್ನೂ ಹೇಳಬೇಕು. ದೊಡ್ಡವರಿಗೆ ಓಟ ನಿಧಾನ. ಆರು ತಿಂಗಳಲ್ಲಿ ಅವರು ಮುಟ್ಟಿದ್ದು ಒಂದನೆಯ ಇಯತ್ತೆಯ ಮಟ್ಟ. ಹತ್ತು ತಾಸು ದುಡಿದು ಬಂದವನಿಗೆ ದ ಮತ್ತು ಧ ಒಂದೇ ಆಗಿ ಕಾಣುತ್ತವೆ. ಪ ಕ್ಕೆ ಹೊಟ್ಟೆಯಲ್ಲಿ ಗೆರೆ ಎಳೆದರೆ ಷ ಎಂಬುದು ರಾತ್ರಿ ಒಂಬತ್ತಕ್ಕೆ ಯಾರ ತಲೆಗೂ ಸುಲಭವಲ್ಲ. ಫೋನಿನಲ್ಲಿ ಮಾತಾಡಿಯೇ ಸಂದೇಶ ಕಳಿಸಬಹುದಲ್ಲ, ಅಕ್ಷರವೇಕೆ ಎಂದು ಕೇಳುವವರೂ ಇದ್ದಾರೆ. ಕಳಿಸಿರಿ, ಬೇಡವೆನ್ನುವುದಿಲ್ಲ. ಆದರೆ ಹೆಬ್ಬೆಟ್ಟು ಒತ್ತುವ ಕಾಗದದಲ್ಲಿ ಏನಿದೆಯೆಂದು ಇನ್ನೊಬ್ಬರನ್ನು ಕೇಳಿ ನಂಬಬೇಕಾದ ಪಾಡು ಅದರಿಂದ ತಪ್ಪುವುದಿಲ್ಲ.

ಕಳೆದ ದೀಪಾವಳಿಯ ಮೇಲೆ ನಾನೇ ಕಾಕಾನ ಖೋಲಿಗೆ ಹೋಗಿ, ಅಂದು ಆಡಿದ್ದು ತಪ್ಪೆಂದು ಹೇಳಿ ಕರೆದೆನು. ಮೂರು ವಾರ ಬರಲಿಲ್ಲ. ನಾಲ್ಕನೆಯ ವಾರ ಬಂದು ಬಾಗಿಲ ಹತ್ತಿರ ಕುಳಿತರು. ಈಗ ಒತ್ತಕ್ಷರಕ್ಕೆ ಬಂದಿದ್ದಾರೆ. ಓದುವಾಗ ಪ್ರತಿ ಅಕ್ಷರದ ಮೇಲೂ ಬೆರಳಾಡಿಸುತ್ತಾರೆ, ಆ ಪ್ಯಾರಿಸಿನ ವ್ಯಾಪಾರಿಯ ಹಾಗೆ. ಅವನು ಕಳೆದುಕೊಂಡ ಮೇಲೆ ಹಾಗೆ ಮಾಡಿದ, ಇವರು ಪಡೆಯುವಾಗ ಮಾಡುತ್ತಿದ್ದಾರೆ.

ಪಾಠವು ಮಂಗಳವಾರ ಮತ್ತು ಶುಕ್ರವಾರ ರಾತ್ರಿ ಒಂಬತ್ತಕ್ಕೆ, ವಾಚನಾಲಯದ ಒಳಕೋಣೆಯಲ್ಲಿ. ರಾತ್ರಿ ಪಾಳಿಯವರಿಗೆ ರವಿವಾರ ಮುಂಜಾನೆ. ಸ್ಲೇಟು, ಬಳಪ ಅಲ್ಲಿಯೇ ಇವೆ.