ಕೆರೆಯ ಮೀನೂ ಮೊದಲ ರಾತ್ರಿಯ ಅಳುವೂ

ಜೂನ್ ತಿಂಗಳಿನಲ್ಲಿ ಶಾಲೆ ತೆರೆದ ಮೊದಲ ರಾತ್ರಿ ವಿದ್ಯಾರ್ಥಿನಿಲಯದಲ್ಲಿ ನಡೆಯುವ ಸಂಗತಿಯನ್ನು ನಮ್ಮ ಪೂರ್ವವಿದ್ಯಾರ್ಥಿನಿಯರು ಮರೆತಿರಲಾರರು. ಹೊಸದಾಗಿ ಬಂದ ಒಬ್ಬಳು ಮುಸುಕಿನೊಳಗೆ ಬಿಕ್ಕುವಳು. ಕಾಲು ಗಂಟೆಯೊಳಗೆ ಇಡೀ ಸಾಲೇ ಬಿಕ್ಕತೊಡಗುವುದು. ಇದನ್ನು ಹುಡುಗಿಯರ ದೌರ್ಬಲ್ಯವೆಂದೆಣಿಸಿ ನಾನೂ ಮೊದಮೊದಲು ಗದರಿಸಿದ್ದುಂಟು. ಅದು ತಪ್ಪೆಂಬುದನ್ನು ನನಗೆ ಕಲಿಸಿದವು ಮೀನುಗಳು.

2023ರಲ್ಲಿ ಪೋರ್ಚುಗಲ್ ದೇಶದ ವಿಜ್ಞಾನಿಗಳು ಜೀಬ್ರಾಮೀನೆಂಬ ಪುಟ್ಟ ಮೀನಿನ ಮೇಲೆ ನಡೆಸಿದ ಪರೀಕ್ಷೆಗಳನ್ನು ಪ್ರಕಟಿಸಿದರು. ಒಂದು ಮೀನು ಬೆದರಿದರೆ ಅದನ್ನು ನೋಡುತ್ತಿರುವ ಮತ್ತೊಂದೂ ಬೆದರುವುದು. ಆದರೆ ಆಕ್ಸಿಟೋಸಿನ್ ಎಂಬ ಹಾರ್ಮೋನು ತನ್ನ ದೇಹದಲ್ಲಿ ಉತ್ಪತ್ತಿಯಾಗದ ಮೀನು ಜೊತೆಯವರ ಭಯವನ್ನು ಕಂಡರೂ ತಾನು ಹಾಗೆ ಬೆದರದು. ಈ ಹಾರ್ಮೋನು ತಾಯಂದಿರಿಗೆ ಅಪರಿಚಿತವಲ್ಲ. ಹೆರಿಗೆಯ ನೋವನ್ನು ಬಲಪಡಿಸುವುದೂ, ಮಗು ಬಾಯಿಟ್ಟೊಡನೆ ಎದೆಹಾಲು ಇಳಿಯುವಂತೆ ಮಾಡುವುದೂ ಇದೇ. ನಮ್ಮಲ್ಲಿ ಇದು ಒಂಬತ್ತು ಅಮೈನೋ ಆಮ್ಲಗಳ ಒಂದು ಸಣ್ಣ ಸರ. ಮೀನಿನಲ್ಲಿರುವ ಸರದಲ್ಲಿ ಎರಡೇ ಮಣಿಗಳು ಬೇರೆ. ನಮ್ಮ ವಂಶವೂ ಈ ಮೀನುಗಳ ವಂಶವೂ ಕವಲೊಡೆದು 40 ಕೋಟಿ ವರ್ಷಗಳಿಗೂ ಮಿಗಿಲಾಯಿತು. ಇಷ್ಟು ದೀರ್ಘಕಾಲದಲ್ಲಿ ಈಜುರೆಕ್ಕೆ ಕೈಯಾಯಿತು, ದವಡೆಯ ಎಲುಬು ಕಿವಿಯೊಳಗೆ ಸೇರಿತು; ಸರದಲ್ಲಿ ಬದಲಾದದ್ದು ಎರಡು ಮಣಿ!

ಇದರಿಂದ ಮೀನು ನಮ್ಮಂತೆಯೇ ಪ್ರೀತಿಸುವುದೆಂದು ಹೇಳಲಾಗದು. ಸಖರಾಯಪಟ್ಟಣದ ಅಯ್ಯನಕೆರೆಯಂತಹ ನಮ್ಮ ಸೀಮೆಯ ಕೆರೆಗಳನ್ನು ಬಲ್ಲವರಿಗೆ ಕೊರವ ಮೀನಿನ ಪರಿಚಯವಿರುತ್ತದೆ. ಅದರ ಮೊಟ್ಟೆಗಳು ನೀರಿನ ಮೇಲೆ ತೇಲುವುವು. ತಂದೆತಾಯಿಗಳು ಕೆಳಗಿದ್ದು ಕಾಯುವುವು. ಮರಿಗಳ ಗುಂಪಿನ ಬಳಿ ಏನು ಸುಳಿದರೂ ಮೇಲೆ ನುಗ್ಗುವುವು. ಗಾಳಹಾಕುವವರು ಇದನ್ನು ಚೆನ್ನಾಗಿ ಬಲ್ಲರು. ಕಾವಲಿನ ಕೋಪವೇ ಆ ಮೀನನ್ನು ಗಾಳಕ್ಕೆ ಒಪ್ಪಿಸುವುದು. ಕಾಟ್ಲಾ, ರೋಹು ಮೀನುಗಳಾದರೋ ಮೊಟ್ಟೆಯಿಟ್ಟು ಹೊರಟುಹೋಗುವುವು. ಮರಿಗಳ ಯೋಚನೆಯೇ ಅವಕ್ಕಿಲ್ಲ. ಅವುಗಳಲ್ಲಿಯೂ ಆ ಸರವುಂಟು. ಆದಕಾರಣ ನೂಲು ಒಂದೇ ಆದರೂ ನೇಯ್ಗೆ ಒಂದೇ ಅಲ್ಲ.

ಮನುಷ್ಯರಲ್ಲಿ ಆ ನೇಯ್ಗೆಯ ಬಹುಭಾಗವು ಸಾಕಿದವರ ಕೈಯಲ್ಲಿರುವುದು. ಗೇಟಿನ ಬಳಿ ಮಗಳನ್ನು ಬಿಡುವಾಗ, "ಅತ್ತರೆ ಟೀಚರ್ ಹೊಡೀತಾರೆ" ಎಂದು ಹೆದರಿಸಿ ಹೋಗುವ ತಂದೆತಾಯಿಗಳನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಆ ಭಯವು ಒಬ್ಬಳಲ್ಲಿಯೇ ನಿಲ್ಲದು. ರಾತ್ರಿ ನಲವತ್ತು ಮಂದಿಗೆ ಹಂಚಿಹೋಗುವುದು.

ಈಗ ನಾನು ಗದರಿಸುವುದಿಲ್ಲ. ಒಂದೊಂದು ಸಾಲಿಗೆ ಒಬ್ಬ ಹಿರಿಯ ಹುಡುಗಿಯನ್ನು ಮಲಗಿಸುತ್ತೇನೆ. ಕಳೆದ ವರ್ಷ ತರೀಕೆರೆಯ ಹುಡುಗಿಯೊಬ್ಬಳು ನಾನು ಹೇಳುವ ಮೊದಲೇ ತನ್ನ ಹಾಸಿಗೆಯನ್ನು ಅಜ್ಜಂಪುರದ ಹೊಸಬಳ ಪಕ್ಕಕ್ಕೆ ಎಳೆದುಕೊಂಡಿದ್ದಳು. ಕಾರಣ ಕೇಳಿದೆ. "ನಾವಿಬ್ಬರೂ ಒಂದೇ ಬಸ್ಸಲ್ಲಿ ಬಂದ್ವಿ, ಟೀಚರ್" ಎಂದಳು.