ಕಳ್ಳಿ ಗಿಡಕ್ಕೂ ಬಿಡುವು ಬೇಕು



ಧಾರವಾಡ, ಗದಗ, ಹಾವೇರಿ, ವಿಜಯಪುರದ ಕಡೆಯಿಂದ ಗೋವೆಗೆ ಬಂದು ನೆಲೆಸಿದ ಕುಟುಂಬಗಳಿಗೆ ಕಳ್ಳಿ ಹೊಸ ಗಿಡವೇನಲ್ಲ. ಹೊಲದ ಬದುವಿನಲ್ಲಿ ಪಾಪಾಸುಕಳ್ಳಿ ಯಾರೂ ನೀರು ಹಾಕದೆಯೇ ಹಳದಿ ಹೂ ಬಿಟ್ಟು, ಕೆಂಪು ಹಣ್ಣು ಕೊಡುವುದನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಕುಂಡದಲ್ಲಿಟ್ಟ ಕಳ್ಳಿಯ ಕಥೆಯೇ ಬೇರೆ. ಒಂದೋ ಮಳೆಗಾಲದಲ್ಲಿ ಬುಡ ಕೊಳೆತು ಬೀಳುತ್ತದೆ, ಇಲ್ಲವೇ ವರ್ಷಗಟ್ಟಲೆ ಹಸಿರಾಗಿ ನಿಂತರೂ ಒಂದು ಹೂವನ್ನೂ ಬಿಡುವುದಿಲ್ಲ.

ಇದಕ್ಕೆ ಕಾರಣ ನಮ್ಮ ಅತಿಯಾದ ಆರೈಕೆ. ವಿಜಯಪುರದ ಕಡೆ ಇಡೀ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಗೋವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುಮಾರು 3000 ಮಿಲಿಮೀಟರ್ ಸುರಿಯುತ್ತದೆ. ಅದರ ಮೇಲೆ ನಾವು ದಿನಾಲೂ ಒಂದು ಚೊಂಬು ನೀರು ಹಾಕಿದರೆ ಗಿಡಕ್ಕೆ ಬಿಡುವೇ ಸಿಗುವುದಿಲ್ಲ. ಬಿಡುವಿಲ್ಲದ ಕಳ್ಳಿ ಬೆಳೆಯಬಹುದು, ಹೂ ಬಿಡುವುದು ಕಷ್ಟ.

ಯಾವುದು ನಿಜವಾದ ಕಳ್ಳಿ?

ನಮ್ಮ ಜನ ಮುಳ್ಳಿರುವ ದಪ್ಪ ಗಿಡಗಳನ್ನೆಲ್ಲ ಕಳ್ಳಿ ಎನ್ನುತ್ತಾರೆ. ಇವುಗಳಲ್ಲಿ ಎರಡು ಬೇರೆ ಬೇರೆ ಕುಲಗಳಿವೆ. ನಿಜವಾದ ಪಾಪಾಸುಕಳ್ಳಿ ಕುಲ ಅಮೆರಿಕ ಖಂಡದ್ದು. ಅದರಲ್ಲಿ ಪ್ರತಿ ಮುಳ್ಳಿನ ಗೊಂಚಲೂ ಹತ್ತಿಯಂತಹ ಒಂದು ಸಣ್ಣ ಮೆತ್ತೆಯಿಂದ ಹೊರಡುತ್ತದೆ. ಕತ್ತರಿಸಿದರೆ ಸಾಮಾನ್ಯವಾಗಿ ನೀರಿನಂತಹ ರಸ ಬರುತ್ತದೆ. ಬೇಲಿಗೆ ಹಾಕುವ ಎಲೆಗಳ್ಳಿ, ಬೊಂತೆಗಳ್ಳಿಗಳಲ್ಲಿ ಈ ಮೆತ್ತೆ ಇರುವುದಿಲ್ಲ, ಕತ್ತರಿಸಿದರೆ ಬಿಳಿ ಹಾಲು ಸುರಿಯುತ್ತದೆ. ಕೆಂಪು ಹೂ ಬಿಡುವ ‘ಯೇಸುವಿನ ಮುಳ್ಳಿನ ಕಿರೀಟ’ ಎಂಬ ಗಿಡವೂ ಈ ಹಾಲುಗಳ್ಳಿಯ ಕುಲದ್ದೇ. ಅದರ ಮೂಲ ಆಫ್ರಿಕದ ಪಕ್ಕದ ಮಡಗಾಸ್ಕರ್ ದ್ವೀಪ. ಆದುದರಿಂದ ಸೈನಿಕರು ಜೆರುಸಲೇಮಿನಲ್ಲಿ ಹೆಣೆದದ್ದು ಇದೇ ಮುಳ್ಳು ಎಂದು ಹೇಳಲಾಗದು. ಈ ಎರಡು ಕುಲಗಳ ವ್ಯತ್ಯಾಸ ತಿಳಿದಿರುವುದು ಆರೋಗ್ಯಕ್ಕೂ ಅಗತ್ಯ. ಆ ವಿಷಯ ಮುಂದೆ ಬರುತ್ತದೆ.

ಕುಂಡ ಮತ್ತು ಮಣ್ಣು

ಬುಡದಲ್ಲಿ ತೂತಿರುವ ಮಣ್ಣಿನ ಕುಂಡವೇ ಒಳ್ಳೆಯದು. ಅದು ಗಿಡಕ್ಕಿಂತ ಎರಡು ಬೆರಳು ಅಗಲವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ತೇವ ಬೇಗ ಆರುವುದಿಲ್ಲ. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ದಪ್ಪ ಹೊಳೆ ಮರಳು, ಒಂದು ಪಾಲು ಇಟ್ಟಿಗೆ ಅಥವಾ ಜಂಬಿಟ್ಟಿಗೆಯ ಸಣ್ಣ ಚೂರು, ಜೊತೆಗೆ ಒಂದು ಹಿಡಿ ಚೆನ್ನಾಗಿ ಕಳಿತ ಎಲೆಗೊಬ್ಬರ ಸೇರಿಸಿರಿ. ಸಮುದ್ರದ ಮರಳನ್ನು ಬಳಸಬಾರದು, ಅದರ ಉಪ್ಪು ಬೇರನ್ನು ಸುಡುತ್ತದೆ. ಹಸಿ ಸಗಣಿ, ಯೂರಿಯಾ ಬೇಡ. ಸಾರಜನಕ ಹೆಚ್ಚಾದರೆ ಗಿಡದ ಮೈ ಉಬ್ಬುತ್ತದೆ, ಹೂ ಹಿಂದೆ ಬೀಳುತ್ತದೆ. ಹೊಲದಲ್ಲಿ ಬೆಳೆ ಸೊಕ್ಕಿದರೆ ಕಾಳು ಕಟ್ಟುವುದಿಲ್ಲ ಎಂಬುದು ರೈತರಿಗೆ ತಿಳಿದ ವಿಷಯವೇ.

ವರ್ಷದ ಕ್ರಮ

1. ಮೇ ಕೊನೆ: ಮೊದಲ ಮಳೆಗೆ ಮುನ್ನವೇ ಕುಂಡಗಳನ್ನು ಬೆಳಕಿರುವ ಸೂರಿನ ಕೆಳಗೆ, ಎರಚಲು ಬೀಳದ ಕಡೆ ಸೇರಿಸಿರಿ. ಸಂತ ಯೊವಾನ್ನರ ಹಬ್ಬದವರೆಗೆ (ಜೂನ್ 24) ಕಾದರೆ ತಡವಾದೀತು. ಮಳೆಗಾಲದಲ್ಲಿ ಗಾಳಿಯೇ ತೇವವಾಗಿರುತ್ತದೆ. ಮಣ್ಣು ತಳದವರೆಗೆ ಒಣಗಿದಾಗ ಮಾತ್ರ ಸ್ವಲ್ಪ ನೀರು ಕೊಡಿರಿ.

2. ಅಕ್ಟೋಬರ್: ಬಿಸಿಲಿಗೆ ಇಡುವ ಕಾಲ. ಒಮ್ಮೆಲೇ ಉರಿಬಿಸಿಲಿಗೆ ಇಟ್ಟರೆ ಮೈಮೇಲೆ ಸುಟ್ಟ ಕಲೆ ಬೀಳುತ್ತದೆ, ಆ ಕಲೆ ಮಾಯುವುದಿಲ್ಲ. ಮೊದಲು ಬೆಳಗಿನ ಎರಡು ತಾಸು, ಅನಂತರ ಹೆಚ್ಚಿಸುತ್ತಾ ನಾಲ್ಕೈದು ತಾಸಿಗೆ ತನ್ನಿರಿ.

3. ನವೆಂಬರ್‌ನಿಂದ ಜನವರಿ: ಇದೇ ಬಿಡುವು. ಮೃತರ ಸ್ಮರಣೆಯ ದಿನದಿಂದ (ನವೆಂಬರ್ 2) ನೀರು ನಿಲ್ಲಿಸಿರಿ. ಗೋವೆಯ ಚಳಿ ಹಗುರ, ಹಗಲು ಬಿಸಿಲು ಜೋರು. ಆದುದರಿಂದ ಅಂಗೈಯಗಲದ ಸಣ್ಣ ಕುಂಡಗಳಿಗೆ ತಿಂಗಳಿಗೊಮ್ಮೆ ನಾಲ್ಕು ಚಮಚ ನೀರು ಸಾಕು. ಮೈ ಸ್ವಲ್ಪ ಸುಕ್ಕಾದರೆ ಹೆದರಬೇಡಿರಿ.

4. ಫೆಬ್ರವರಿ ನಡುವಿನಿಂದ: ಮೊದಲು ಸ್ವಲ್ಪ, ವಾರ ಬಿಟ್ಟು ತುಂಬ ನೀರು. ಮುಂದೆ ಮಣ್ಣು ಪೂರ್ತಿ ಆರಿದ ಮೇಲೆಯೇ ಮತ್ತೆ ನೀರು. ಒಂದು ಒಣ ಕಡ್ಡಿ ಚುಚ್ಚಿ ನೋಡಿದರೆ ತೇವ ತಿಳಿಯುತ್ತದೆ. ಈ ನೀರೇ ಗಿಡಕ್ಕೆ ಎಚ್ಚರದ ಕರೆ. ಪಾಸ್ಕ ಹಬ್ಬದ ಆಸುಪಾಸಿನಲ್ಲಿ ಮೊಗ್ಗು ಕಾಣಬಹುದು. ಮೊಗ್ಗು ಬಂದ ಮೇಲೆ ಕುಂಡದ ಜಾಗ ಬದಲಿಸಬಾರದು.

ಯಾವುದರಿಂದ ಹೂ ನಿರೀಕ್ಷಿಸಬಹುದು?

ಚಳಿ ನಾಡಿನ ಕಳ್ಳಿಗಳಿಗೆ ರಾತ್ರಿ 10 ಡಿಗ್ರಿಗಿಂತ ಕಡಿಮೆ ತಂಪು ಬೇಕು. ಅದು ಗೋವೆಯಲ್ಲಿ ಸಿಗದು. ತಲೆಯ ಸುತ್ತ ಗುಲಾಬಿ ಹೂವಿನ ಬಳೆ ತೊಡುವ ಮ್ಯಾಮಿಲೇರಿಯಾ, ಉದ್ದ ಕೊಳವೆಯಂತಹ ಹೂವಿನ ಎಕಿನಾಪ್ಸಿಸ್ ಇವು ಇಲ್ಲಿನ ಮನೆಗಳಿಗೆ ಹೊಂದುತ್ತವೆ. ಹಳದಿ ಮುಳ್ಳಿನ ದೊಡ್ಡ ಚೆಂಡಿನಂತಹ ಕಳ್ಳಿಯನ್ನು ಹೂವಿಗಾಗಿ ಕೊಳ್ಳಬೇಡಿರಿ, ಅದು ಹೂ ಬಿಡಲು ಹದಿನೈದು ಇಪ್ಪತ್ತು ವರ್ಷ ಬೇಕಾದೀತು. ಹಸಿರು ಕಾಂಡದ ಮೇಲೆ ಕೆಂಪು ಉಂಡೆ ಕೂಡಿಸಿದ ಗಿಡ ಕಸಿ ಮಾಡಿದ್ದು. ಆ ಕೆಂಪು ಹೂವಲ್ಲ. ಒಣ ಹೂವನ್ನು ಅಂಟಿನಿಂದ ಕೂಡಿಸಿ ಮಾರುವವರೂ ಇದ್ದಾರೆ, ಮುಟ್ಟಿ ನೋಡಿ ಕೊಳ್ಳಿರಿ.

ನಾವು ಬ್ರಹ್ಮಕಮಲ ಎಂದು ಕರೆಯುವ, ರಾತ್ರಿ ಅರಳಿ ಬೆಳಗಿಗೆ ಬಾಡುವ ಬಿಳಿ ಹೂವಿನ ಗಿಡವೂ ಕಳ್ಳಿಯೇ. ಹಿಮಾಲಯದ ಬ್ರಹ್ಮಕಮಲ ಬೇರೆ ಗಿಡ. ನಮ್ಮ ಮನೆಗಳದ್ದು ಅಮೆರಿಕದ ಕಾಡಿನಲ್ಲಿ ಮರದ ಕೊಂಬೆಯ ಮೇಲೆ ಬೆಳೆಯುವಂಥದ್ದು. ಆದುದರಿಂದ ಅದಕ್ಕೆ ನೆರಳು, ತೇವದ ಗಾಳಿ ಇಷ್ಟ, ಪೂರ್ತಿ ಬರ ಬೇಡ. ಎಲೆಯಂತೆ ಕಾಣುವ ಕಾಂಡದ ತುಂಡನ್ನು ಐದಾರು ದಿನ ನೆರಳಿನಲ್ಲಿ ಒಣಗಿಸಿ ನೆಟ್ಟರೆ ಬೇರು ಬಿಡುತ್ತದೆ. ಡ್ರ್ಯಾಗನ್ ಹಣ್ಣಿನ ಬಳ್ಳಿಯೂ ಇದೇ ಕುಲದ್ದು. ಅಂಗಳವಿದ್ದವರು ಗಟ್ಟಿ ಕಂಬಕ್ಕೆ ಹಬ್ಬಿಸಿದರೆ ಮಳೆಗಾಲದ ರಾತ್ರಿಗಳಲ್ಲಿ ಹೂ, ಅದು ಕಾಯಿ ಕಟ್ಟಿದರೆ ಸುಮಾರು ಒಂದು ತಿಂಗಳಿಗೆ ಹಣ್ಣು.

ಬಿಳಿ ಹುಳು

ಕಳ್ಳಿಯ ಮೇಲೆ ಹತ್ತಿಯಂತಹ ಬಿಳಿ ಚುಕ್ಕೆ ಕಂಡರೆ ತಡಮಾಡದೆ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿರಿ. ಈ ಜಾತಿಯ ಹುಳುವಿನ ಶಕ್ತಿ ಸಣ್ಣದಲ್ಲ. ಕೆಂಪು ಬಣ್ಣ ತೆಗೆಯುವ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಭಾರತಕ್ಕೆ ತಂದ ಹುಳು ಬಣ್ಣಕ್ಕೆ ಒದಗಲಿಲ್ಲ, ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸಿತು. ಹೊಲಗಳನ್ನು ಆಕ್ರಮಿಸಿದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಅಡಗಿಸಲು 1926ರಲ್ಲಿ ಶ್ರೀಲಂಕಾದಿಂದ ಮತ್ತೊಂದು ಹುಳುವನ್ನು ದಕ್ಷಿಣ ಭಾರತಕ್ಕೆ ತರಲಾಯಿತು. ಅದು ಕೆಲವೇ ವರ್ಷಗಳಲ್ಲಿ ಕೆಲಸ ಮುಗಿಸಿತು.

ಆರೋಗ್ಯದ ಎಚ್ಚರಿಕೆ

ಹಾಲುಗಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪೊರೆಗೆ ಗಾಯವಾಗಿ ದೃಷ್ಟಿಗೇ ಅಪಾಯ. ಮೊದಲು ಸಣ್ಣ ಉರಿ ಎನಿಸಿ, ಕೆಲವು ತಾಸುಗಳ ನಂತರ ನೋವು ಏರುವುದುಂಟು. ಕೂಡಲೇ ಶುದ್ಧ ನೀರಿನಿಂದ 15–20 ನಿಮಿಷ ಬಿಡದೆ ತೊಳೆದು, ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿರಿ. ಎಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕಬೇಡಿರಿ. ಯಾವ ಗಿಡದ ಹಾಲು ಎಂಬುದನ್ನು ವೈದ್ಯರಿಗೆ ತಿಳಿಸಿರಿ. ಈ ಗಿಡಗಳನ್ನು ಕತ್ತರಿಸುವಾಗ ಕನ್ನಡಕ, ಕೈಚೀಲ ಧರಿಸಿರಿ, ಮಕ್ಕಳು ದೂರವಿರಲಿ.

ಪಾಪಾಸುಕಳ್ಳಿಯ ಕೂದಲಿನಂತಹ ಸಣ್ಣ ಮುಳ್ಳು ಚರ್ಮಕ್ಕೆ ಚುಚ್ಚಿದರೆ ಉಜ್ಜಬಾರದು. ಚಿಮುಟದಿಂದ ಆದಷ್ಟು ತೆಗೆದು, ಉಳಿದುದಕ್ಕೆ ಬಿಳಿ ಗೋಂದು ಹಚ್ಚಿ, ತೆಳು ಬಟ್ಟೆ ಕೂಡಿಸಿ, ಒಣಗಿದ ಮೇಲೆ ಎಳೆದರೆ ಬಹುಪಾಲು ಹೊರಬರುತ್ತದೆ. ಕಣ್ಣಿನ ಹತ್ತಿರ ಹೀಗೆ ಮಾಡಬೇಡಿರಿ.

ಇನ್ನೊಂದು ಮಾತು: ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತರೆ ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಕಳ್ಳಿಗೆ ತಟ್ಟೆಯೇ ಬೇಡ. ಮುಳ್ಳಿನ ಗಿಡ ಮನೆಗೆ ಅಪಶಕುನ ಎಂಬ ಮಾತಿಗೆ ಹೆದರುವವರು ಈ ತಟ್ಟೆಯ ನೀರಿಗೆ ಹೆದರಿದರೆ ಹೆಚ್ಚು ಪ್ರಯೋಜನ.

ಬಾಡಿಗೆ ಕೋಣೆಯಲ್ಲಿ ಇರುವವರಿಗೂ ಕಿಟಕಿಯ ಬಿಸಿಲಿನಲ್ಲಿ ಒಂದು ಕುಂಡಕ್ಕೆ ಜಾಗವಿದ್ದೀತು. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದರೂ ಸಾಯದ ಗಿಡ ಇದು. ಈ ನವೆಂಬರ್‌ನಲ್ಲಿ ಅದರ ಬುಡಕ್ಕೆ ನೀರು ಹಾಕಲು ಕೈ ಮುಂದಾದಾಗ ತಡೆದುಕೊಳ್ಳಿರಿ. ಗಿಡಕ್ಕೆ ಸಾಕಷ್ಟು ವಯಸ್ಸಾಗಿದ್ದು, ಬಿಸಿಲೂ ದೊರೆತಿದ್ದರೆ ಬೇಸಿಗೆಯಲ್ಲಿ ಹೂ ಕಾಣುವ ಭರವಸೆ ಇಟ್ಟುಕೊಳ್ಳಬಹುದು.